ಹನ್ನೊಂದು ಗಿಡಗಳ ಸೊಪ್ಪು

ತೀರ್ಥಹಳ್ಳಿ
6 ಫೆಬ್ರುವರಿ 2024

ಪ್ರೀತಿಯ ಅಪ್ಪ,

ಫೋನಿನಲ್ಲಿ ನಿನಗೆ ಕಿವಿ ಕೇಳುವುದಿಲ್ಲ, ನನಗೆ ಮಾತು ಬರುವುದಿಲ್ಲ. ನೀನು ಮೂರು ಸಲ "ಎಂತ?" ಅಂದರೆ ನಾನು ಹೇಳಬೇಕೆಂದಿದ್ದನ್ನು ನುಂಗಿ "ಏನಿಲ್ಲ" ಅಂದುಬಿಡುತ್ತೇನೆ. ಅದಕ್ಕೇ ಇದನ್ನು ಬರೆದು ಬೆಳ್ಳಪ್ಪ ಮಾವನ ಬಸ್ಸಿಗೆ ಕೊಡುತ್ತಿದ್ದೇನೆ. ಕಂಡಕ್ಟರ್ ಆಗಿದ್ದಷ್ಟು ವರ್ಷ ನೀನು ಊರವರ ಕವರು, ಔಷಧಿ, ರಿಪೇರಿಯಾದ ಕನ್ನಡಕ ಎಲ್ಲ ತಲುಪಿಸಿದೆ. ಈಗ ಅದೇ ಬಸ್ಸಿನಲ್ಲಿ ನಿನಗೇ ಒಂದು ಕಾಗದ.

ಪ್ರೆಸ್ಸಿನ ಕೆಲಸ ನಡೆಯುತ್ತಿದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತು ಕರಡು ತಿದ್ದುತ್ತೇನೆ. ಈ ವಾರ ಪೂರ್ತಿ ಮದುವೆ ಕಾಗದಗಳು.

ಹೇಳಬೇಕಾದ್ದು ಬೇರೆ. ಹೋದ ಭಾನುವಾರ ಮನೆಗೆ ಬಂದಾಗ ಅಮ್ಮ ಬಟ್ಟೆ ಒಣಗಿಸಲು ಹಿತ್ತಿಲಿಗೆ ಹೋದಳು. ಅವಳ ಒಂದು ಚಪ್ಪಲಿ ಹೊಸಿಲ ಹತ್ತಿರವೇ ಕಳಚಿ ಬಿದ್ದಿತ್ತು. ಮಧ್ಯಾಹ್ನದ ಬಿಸಿಲಿಗೆ ಸಿಮೆಂಟು ಕಾದಿತ್ತು, ಅವಳು ಒಂದು ಬರಿಗಾಲಿನಲ್ಲೇ ಎಲ್ಲ ಬಟ್ಟೆ ಹರವಿ ಬಂದಳು. ನಾನು ತೋರಿಸಿದ ಮೇಲೆ ಕೆಳಗೆ ನೋಡಿಕೊಂಡು ನಕ್ಕಳು. ಆ ನಗು ನನಗೆ ಸರಿ ಕಾಣಲಿಲ್ಲ. ಸಕ್ಕರೆ ಕಾಯಿಲೆಗೆ ಯಶೋಧಾ ದೊಡ್ಡಮ್ಮನ ಕಾಲು ತೆಗೆಯುವ ಮೊದಲು ಅವರಿಗೂ ಹೀಗೇ ಆಗಿತ್ತಲ್ಲವಾ? ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ನಾನು ಹೇಳಿದೆ ಅನ್ನಬೇಡ, ಹಠ ಮಾಡುತ್ತಾಳೆ.

ಹುಲಿಕಲ್ ಹತ್ತಿರದ ನಮ್ಮ ಊರಿನಲ್ಲಿದ್ದಾಗ ದಿನಕ್ಕೆ ಎರಡು ಸಲ ಬೆಟ್ಟ ಹತ್ತಿ, ಸೊಪ್ಪಿನ ಹೊರೆ ಹೊತ್ತು ಇಳಿಯುತ್ತಿದ್ದವಳು ಅವಳು. ನನ್ನ ಡಿಗ್ರಿಗೆಂದು ಸಾಗರಕ್ಕೆ ಬಂದು ಏಳು ವರ್ಷವಾಯಿತು. ನಾನು ಅಲ್ಲಿಂದ ಹೊರಟು ಒಂದು ವರ್ಷವಾಯಿತು. ನನಗಾಗಿ ಊರು ಬಿಟ್ಟವಳನ್ನು ಬಿಟ್ಟು ನಾನೇ ಹೊರಟೆ ಎಂದು ಅವಳು ಆಮೇಲೆ ನನ್ನ ಹತ್ತಿರ ಸರಿಯಾಗಿ ಮಾತಾಡಿಲ್ಲ.

ನಿನ್ನ ಮಗಳು,
ಪ್ರತಿಮಾ


ಸಾಗರ
14 ಫೆಬ್ರುವರಿ 2024

ಪ್ರತಿಮಾ,

ನಿನ್ನ ಕಾಗದ ಹನ್ನೊಂದೂ ನಲವತ್ತರ ಬಸ್ಸಿಗೆ ಬಂತು. ಬಸ್ಸು ಹತ್ತು ನಿಮಿಷ ಲೇಟು. ಬೆಳ್ಳಪ್ಪ ಈಗಲೂ ಹೊಸನಗರದಲ್ಲಿ ಟೀ ಕುಡಿಯಲು ಹೆಚ್ಚು ಹೊತ್ತು ನಿಲ್ಲಿಸುತ್ತಾನೆ.

ಅಮ್ಮನನ್ನು ಕರೆದುಕೊಂಡು ಹೋದೆ. ಡಾಕ್ಟರಮ್ಮ ಮಂಜುಶ್ರೀ ಒಳ್ಳೆಯವರು, ನನ್ನ ಬಲಗಿವಿಯ ಕಡೆ ಬಂದು ಮಾತಾಡಿದರು. ಖಾಲಿ ಹೊಟ್ಟೆಯ ಸಕ್ಕರೆ 268. ಅಮ್ಮನ ಕಣ್ಣು ಮುಚ್ಚಿಸಿ ಅಂಗಾಲಿಗೆ ಒಂದು ಗಟ್ಟಿ ದಾರದ ತುದಿ ಮುಟ್ಟಿಸಿದರು. ಹತ್ತು ಸಲ ಮುಟ್ಟಿಸಿದ್ದಕ್ಕೆ ಅಮ್ಮ ಹೂಂ ಅಂದಿದ್ದು ಆರು ಸಲ. ಮಾತ್ರೆ ಕೊಟ್ಟಿದ್ದಾರೆ. ಮೆತ್ತನೆಯ ಬೂಟು ಹಾಕಿಕೊಂಡು ದಿನಾ ಮುಕ್ಕಾಲು ಗಂಟೆ ನಡೆಯಬೇಕು. ಸಕ್ಕರೆ ಇಳಿಯದಿದ್ದರೆ ಇಂಜೆಕ್ಷನ್. "ನಡೀಲೇಬೇಕು ಅಮ್ಮ. ಇಲ್ಲ ಅಂದ್ರೆ ಈ ಕಾಲಿಗೆ ನಾನು ಗ್ಯಾರಂಟಿ ಕೊಡಲ್ಲ" ಅಂದರು. ದೊಡ್ಡಮ್ಮನನ್ನು ನೆನೆದಳೋ ಏನೋ, ಆಟೋದಲ್ಲಿ ಅಮ್ಮ ತನ್ನ ಕಾಲನ್ನೇ ನೋಡಿಕೊಂಡು ಕೂತಿದ್ದಳು.

ನಡೆಯಲು ಜಾಗಕ್ಕೇನು ಬರ? ಬಡಾವಣೆಯ ಪಾರ್ಕಿಗೆ ನಾನೇ ವಾಚ್‌ಮನ್, ಬೀಗದ ಕೈ ನನ್ನ ಸೊಂಟದಲ್ಲೇ ಇದೆ. ಸಂಜೆ ಗೇಟಿನ ತನಕ ಬಂದಳು. ಅಲ್ಲೇ ನಿಂತಳು.

"ಎಂತಕ್ಕೆ ನಿಂತೆ? ಒಳಗೆ ಬಾ."

"ಎಂತ ಹಿಡ್ಕೊಂಡು ಬರ್ಲಿ? ಬರಿಗೈಯಲ್ಲಿ ಹೋಗಕ್ಕೆ ನಾನೇನು ಸಾವಿನ ಮನಿಗೆ ಹೊರಟೀನಾ?"

ನಿನಗೆ ನೆನಪಿರಬೇಕು, ನಮ್ಮೂರಲ್ಲಿ ಹೆಂಗಸರು ಕತ್ತಿಯೋ ಬುಟ್ಟಿಯೋ ಕೊಡವೋ ಇಲ್ಲದೆ ಮನೆ ಬಿಡುವುದಿಲ್ಲ. ಬರಿಗೈಯಲ್ಲಿ ಹೊರಟರೆ ಎಲ್ಲೋ ಸಾವಾಗಿದೆ ಎಂದೇ ಅರ್ಥ.

"ಅಲ್ಲಿ ನೋಡು ಮಾರಾಯ್ತಿ, ಎಲ್ಲ ಬರಿಗೈಯಲ್ಲೇ ನಡೀತಿದಾರೆ" ಅಂದೆ.

"ಅವ್ರ ಮನೇಲಿ ಯಾರು ಹೋಗಿದಾರೋ, ಕಂಡಕ್ಟ್ರೇ" ಎಂದು ತಿರುಗಿ ಮನೆಗೆ ಹೋದಳು.

ನಾಲ್ಕು ದಿನದಿಂದ ಇದೇ ಆಗಿದೆ. ನಿನಗೇನಾದರೂ ಹೊಳೆದರೆ ಬರೆ.

ಗುತ್ಯಪ್ಪ


ತೀರ್ಥಹಳ್ಳಿ
17 ಫೆಬ್ರುವರಿ 2024

ಅಪ್ಪ,

ಬಸ್ಸು ಹೊರಡಲು ಅರ್ಧ ಗಂಟೆ ಇದೆ, ಬೇಗ ಬರೆಯುತ್ತೇನೆ.

ಪಾರ್ಕಿನಲ್ಲಿ ಈಗ ದರಗು ಬೀಳುತ್ತಿರಬೇಕು. ಒಣಗಿದ ಎಲೆ ಕಾಲಡಿ ಬಿದ್ದಿದ್ದರೆ ಅಮ್ಮನಿಗೆ ಸುಮ್ಮನಿರಲು ಆಗುವುದಿಲ್ಲ. ನೀನು ತೋಡಿಸಿದ ಗೊಬ್ಬರದ ಗುಂಡಿ ಹಿಂದಿನ ಮೂಲೆಯಲ್ಲಿದೆ, ಮರಗಳೆಲ್ಲ ಗೇಟಿನ ಕಡೆ. ಒಂದು ಬುಟ್ಟಿ ತುಂಬಿ ಸುರಿದು ಬಂದರೆ ಒಂದು ಸುತ್ತಾಯಿತು. ವಾಕಿಂಗ್ ಎಂಬ ಮಾತನ್ನೇ ಎತ್ತಬೇಡ. ನಿನ್ನ ಸೊಂಟ ಹಿಡಿದುಕೊಂಡಿದೆ, ಒಬ್ಬನಿಂದ ಆಗುತ್ತಿಲ್ಲ ಅನ್ನು. ಅವಳ ಹೆಡಿಗೆ, ಸೊಪ್ಪು ಹೊರುತ್ತಿದ್ದ ಆ ದೊಡ್ಡ ಬುಟ್ಟಿ, ಅಟ್ಟದ ಮೇಲಿದೆ.

ಇದೂ ನಾನು ಹೇಳಿದ್ದಲ್ಲ.

ಪ್ರತಿಮಾ


ಸಾಗರ
20 ಮಾರ್ಚ್ 2024

ಪ್ರತಿಮಾ,

ಸೊಂಟ ಹಿಡಿದಿದೆ ಎಂದು ನಟಿಸಿ ನಟಿಸಿ ಈಗ ನಿಜವಾಗಿಯೂ ಹಿಡಿದಿದೆ. ಇರಲಿ. ಅಮ್ಮ ನಡೆಯುತ್ತಿದ್ದಾಳೆ.

ಬೆಳಿಗ್ಗೆ ಆರೂ ಹತ್ತಕ್ಕೆ ಹೊರಡುತ್ತಾಳೆ. ಸೀರೆ, ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು, ತಲೆಯ ಮೇಲೆ ಹೆಡಿಗೆ. ಮೊದಲ ದಿನ ಎರಡು ಹೆಡಿಗೆ, ಈಗ ಹನ್ನೆರಡು. ನಾನು ಗೇಟಿನಲ್ಲಿ ಕೂತು ಎಣಿಸುತ್ತೇನೆ, ಅವಳಿಗೆ ಗೊತ್ತಿಲ್ಲ. ಕ್ರೋಟನ್ ಗಿಡದ ಹತ್ತಿರದ ಮನೆಯಲ್ಲಿ ಮೂಕಮ್ಮ ಇದ್ದಾರಲ್ಲ, ನಿನ್ನ ತೀರ್ಥಹಳ್ಳಿ ಕಡೆಯವರು, ಮಗಳ ಮನೆಗೆ ಬಂದು ಇರುವವರು. ಅವರು ಬೇಲಿಯ ಆಚೆಯಿಂದ ಅಮ್ಮನನ್ನು ಕೇಳಿದರು:

"ಏನ್ ಮಾಸ್ತಮ್ಮ, ಮುನ್ಸಿಪಾಲ್ಟಿ ಕೆಲಸ ಸಿಕ್ತೇನೇ?"

"ಹೌದು. ನಿಂಗೂ ಬೇಕಾದ್ರೆ ಅರ್ಜಿ ಹಾಕು. ಮಂಡಿ ನೋವಿದ್ದೋರಿಗೆ ಮೊದಲು ಕೊಡ್ತಾರಂತೆ."

ಮಾರನೇ ದಿನ ಮೂಕಮ್ಮ ಹಿಡಿಸೂಡಿ ಹಿಡಿದು ಗುಡಿಸಲು ಬಂದರು. ಈಗ ಐದು ಜನ. ಎಲ್ಲರೂ ಹಳ್ಳಿಯಿಂದ ಬಂದು ಮಕ್ಕಳ ಮನೆಯ ಟಿವಿ ಮುಂದೆ ಕೂತು ಕಾಲು ಊದಿಸಿಕೊಂಡವರೇ. ಗುಡಿಸುವುದಕ್ಕಿಂತ ಮಾತೇ ಜಾಸ್ತಿ. ನನ್ನ ಕೇಳದ ಕಿವಿಯ ಪಕ್ಕ ಕೂತು ಸೊಸೆಯಂದಿರ ವಿಚಾರ ಮಾತಾಡುತ್ತಾರೆ.

ಸಕ್ಕರೆ 188.

ಅಮ್ಮ ನಿನ್ನ ವಿಚಾರ ಕೇಳಲಿಲ್ಲ. ಆದರೆ ಇದನ್ನು ಬರೆಯುವಾಗ ಪಕ್ಕದಲ್ಲೇ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಾಳೆ. ಒಂದು ಬೆಳ್ಳುಳ್ಳಿ ಸುಲಿಯಲು ಇಷ್ಟು ಹೊತ್ತು ಬೇಕಾಗಿಲ್ಲ.

ಗುತ್ಯಪ್ಪ


ತೀರ್ಥಹಳ್ಳಿ
2 ಮೇ 2024

ಅಪ್ಪ,

188 ಅನ್ನುವುದನ್ನು ಎರಡು ಸಲ ಓದಿದೆ. ಪ್ರೆಸ್ಸಿನಲ್ಲಿ ಪಕ್ಕದವರು "ಏನು ನಗ್ತಾ ಇದೀರಿ, ಮದುವೆ ಕಾಗದದಲ್ಲಿ ತಪ್ಪು ಸಿಕ್ಕಿತಾ?" ಅಂದರು.

ಒಂದು ವಿಚಾರ. ಮಳೆ ಹಿಡಿದ ಮೇಲೆ ದರಗು ಇರುವುದಿಲ್ಲ. ಕೈಗೆ ಕೆಲಸ ಇಲ್ಲದಿದ್ದರೆ ಅಮ್ಮ ಮತ್ತೆ ಮನೆಯಲ್ಲೇ ಕೂತಾಳು. ಕಳೆ ಸವರುವುದೋ ಏನೋ ಒಂದನ್ನು ಈಗಲೇ ಹುಡುಕಿ ಇಡು. ಅವಳ ಕತ್ತಿಯನ್ನೂ ಕೆಳಗೆ ಇಳಿಸಿ ಕೊಡು, ಖುಷಿಪಡುತ್ತಾಳೆ.

ಭಾನುವಾರ ಫೋನು ಮಾಡಿದಾಗ ಅಮ್ಮನ ಕೈಗೆ ಕೊಡುತ್ತೀಯಾ? ಮಾತಾಡದಿದ್ದರೂ ಪರವಾಗಿಲ್ಲ.

ಪ್ರತಿಮಾ


ಸಾಗರ
9 ಜುಲೈ 2024

ಪ್ರತಿಮಾ,

ಇಲ್ಲಿ ಎಲ್ಲ ಚೆನ್ನಾಗಿದೆ. ಮಳೆ ಜೋರು. ಅಮ್ಮ ಮನೆಯಲ್ಲೇ ಇದ್ದಾಳೆ. ನೀನು ಈಗ ಬರುವುದು ಬೇಡ, ದಾರಿ ಸರಿ ಇಲ್ಲ.

ಗುತ್ಯಪ್ಪ


ತೀರ್ಥಹಳ್ಳಿ
15 ಜುಲೈ 2024

ಅಪ್ಪ,

ನಿನ್ನ ಕಾಗದದಲ್ಲಿ ಬಸ್ಸಿನ ಸಮಯವೂ ಇಲ್ಲ, ಸಕ್ಕರೆಯ ಲೆಕ್ಕವೂ ಇಲ್ಲ. ಓದಿದ ಕೂಡಲೇ ಬಸ್‌ಸ್ಟ್ಯಾಂಡಿಗೆ ಓಡಿದೆ. ಬೆಳ್ಳಪ್ಪ ಮಾವ ಇನ್ನೂ ಹೊರಟಿರಲಿಲ್ಲ. ನಾನಾಗಿ ಯಾರನ್ನಾದರೂ ತಡೆದು ನಿಲ್ಲಿಸಿ ಪ್ರಶ್ನೆ ಕೇಳಿದ್ದು ಅದೇ ಮೊದಲಿರಬೇಕು.

"ನಿಂಗೆ ಗೊತ್ತಿಲ್ವಾ? ನಿಮ್ಮಮ್ಮ ಪಾರ್ಕಿನ ಗಿಡದ ಸೊಪ್ಪು ಕಡಿದ್ಲು ಮಾರಾಯ್ತಿ! ಒಂದಲ್ಲ ಎರಡಲ್ಲ, ಹನ್ನೊಂದು ಗಿಡ. ತುದೀಲಿ ಒಂದೊಂದು ಜುಟ್ಟು ಬಿಟ್ಟು ಬೋಳಿಸಿದಾಳೆ."

ಅವರಿಗೆ ನಗು ತಡೆಯಲಿಲ್ಲ. ವನಮಹೋತ್ಸವದ ದಿನ, ಗಿಡಗಳ ಮುಂದೆ ತಮ್ಮ ಮನೆಯವರ ಹೆಸರಿನ ಫಲಕ ಹಾಕಿಸಿದವರೆಲ್ಲ ಫೋಟೋ ತೆಗೆಸಿಕೊಳ್ಳಲು ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದರಂತೆ. ಫಲಕ ಇತ್ತಂತೆ, ಹಿಂದೆ ಕೋಲು ಇತ್ತಂತೆ.

"ಅಪ್ಪ ಏನಂದ್ರು?"

"ದನ ನುಗ್ಗಿತ್ತು ಅಂದ. ಪಾರ್ಕಿನ ಸಮಿತಿ ಕಾರ್ಯದರ್ಶಿ ಸುಬ್ಬರಾಯರು, ದನ ಕತ್ತೀಲಿ ಕಡೀತದಾ ಗುತ್ಯಪ್ಪ ಅಂತ ಕೇಳಿದ್ರು. ಅಷ್ಟರಲ್ಲಿ ನಿಮ್ಮಮ್ಮ ಹಿಂದಿನಿಂದ, ನಾನೇ ಕಡಿದಿದ್ದು, ಎಂತ ಈಗ ಅಂದ್ಲು."

ಅವಳನ್ನು ಒಳಗೆ ಬಿಡಬಾರದು, ಬುಟ್ಟಿ ಕತ್ತಿ ಪೊರಕೆ ಯಾವುದೂ ಯಾರೂ ತರಬಾರದು ಎಂದು ಆದೇಶವಾಗಿದೆಯಂತೆ. ಉಳಿದ ನಾಲ್ವರೂ ಬರುವುದನ್ನು ಬಿಟ್ಟರಂತೆ. ಅವಳು ಒಳಗೆ ಬರದಂತೆ ಗೇಟು ಕಾಯುತ್ತಿರುವವನು ನೀನೇ. ಅದಕ್ಕೇ ನೀನು ಬರೆಯಲಿಲ್ಲ.

ಅಮ್ಮ ಮಾಡಿದ್ದು ನನಗೆ ಅರ್ಥವಾಗುತ್ತದೆ. ಮಳೆ ಹಿಡಿದ ಮೇಲೆ ಗೊಬ್ಬರಕ್ಕೆ ಹಸಿ ಸೊಪ್ಪು ಕಡಿಯಬೇಕು. ಕುಡಿ ಬಿಟ್ಟು ಸವರಿದರೆ ಗಿಡ ಮತ್ತೆ ಮೈತುಂಬಿ ಬರುತ್ತದೆ. ಮೂವತ್ತು ವರ್ಷ ಬೆಟ್ಟದಲ್ಲಿ ಅವಳು ಮಾಡಿದ್ದೇ ಅದು. ಆದರೆ ಕತ್ತಿ ಇಳಿಸಿ ಕೊಡು ಎಂದು ಬರೆದವಳು ನಾನು.

ಸಕ್ಕರೆ ಎಷ್ಟಿದೆ? ನಿಜ ಬರೆ.

ಪ್ರತಿಮಾ


ತೀರ್ಥಹಳ್ಳಿ
18 ಜುಲೈ 2024

ಶ್ರೀ ಸುಬ್ಬರಾಯರಿಗೆ,
ಕಾರ್ಯದರ್ಶಿಗಳು, ಉದ್ಯಾನ ಸಮಿತಿ, ಸಾಗರ

ಮಾನ್ಯರೇ,

ನಾನು ವಾಚ್‌ಮನ್ ಗುತ್ಯಪ್ಪನವರ ಮಗಳು. ನಿಮ್ಮ ಎದುರು ನಿಂತು ಮಾತಾಡುವ ಧೈರ್ಯ ನನಗಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಗಿಡ ಕಡಿದದ್ದು ನನ್ನ ತಾಯಿ. ಕತ್ತಿ ಕೊಡಿಸಿದ್ದು ನಾನು. ಸುಳ್ಳು ಹೇಳಿದ್ದು ನನ್ನ ತಂದೆ. ಮೂರಕ್ಕೂ ಕ್ಷಮೆ ಕೇಳುತ್ತೇನೆ. ಯಾವುದಾದರೂ ಗಿಡ ಸತ್ತರೆ ಅದರ ಬದಲಿಗೆ ಗಿಡ ತಂದು ನೆಡುವುದು ನಮ್ಮ ಹೊಣೆ.

ಒಂದು ಮಾತನ್ನು ಕೇಳಿಸಿಕೊಳ್ಳಬೇಕು. ನನ್ನ ತಾಯಿಗೆ ಸಕ್ಕರೆ ಕಾಯಿಲೆ. ಅಂಗಾಲಿನ ಸ್ಪರ್ಶ ಅರ್ಧ ಹೋಗಿದೆ. ಅವರ ಅಕ್ಕ ಇದೇ ಕಾಯಿಲೆಯಲ್ಲಿ ಕಾಲು ಕಳೆದುಕೊಂಡರು. ನಡೆಯದೆ ಬೇರೆ ದಾರಿ ಇಲ್ಲ ಎಂದಿದ್ದಾರೆ ಡಾಕ್ಟರು. ಕೆಲಸವಿಲ್ಲದೆ ನಡೆಯುವುದು ನನ್ನ ತಾಯಿಗೆ ಗೊತ್ತಿಲ್ಲ. ಕೆಲಸದ ನೆಪದಲ್ಲಿ ನಾಲ್ಕು ತಿಂಗಳು ನಿಮ್ಮ ಪಾರ್ಕಿನಲ್ಲಿ ನಡೆದರು, ಸಕ್ಕರೆ ಇಳಿಯಿತು. ಅವರ ಹಿಂದೆ ಬಂದ ನಾಲ್ವರು ಹೆಂಗಸರ ಕಾಯಿಲೆಗಳ ಹೆಸರು ನನಗೆ ಗೊತ್ತಿಲ್ಲ, ಅವರ ನಗು ಮಾತ್ರ ಅಪ್ಪನ ಕಾಗದದಲ್ಲಿ ಕೇಳಿದ್ದೇನೆ. ನೆರಳು, ಸಮನಾದ ದಾರಿ, ಬೈಕುಗಳ ಭಯವಿಲ್ಲದ ಜಾಗ ಅವರಿಗೆ ಊರಿನಲ್ಲಿ ಇನ್ನೊಂದಿಲ್ಲ.

ಗಿಡಗಳನ್ನು ಕಾಪಾಡುವುದು ನಿಮ್ಮ ಕರ್ತವ್ಯ, ಒಪ್ಪುತ್ತೇನೆ. ಗೇಟು ತೆಗೆಯಿರಿ ಎಂದು ಮಾತ್ರ ಕೇಳುತ್ತೇನೆ.

ವಂದನೆಗಳೊಂದಿಗೆ,
ಪ್ರತಿಮಾ ಗುತ್ಯಪ್ಪ


ಸಾಗರ
1 ಆಗಸ್ಟ್ 2024

ಕುಮಾರಿ ಪ್ರತಿಮಾ ಅವರಿಗೆ,

ನಿಮ್ಮ ಪತ್ರ ತಲುಪಿದೆ. ಸಮಿತಿ ಯಾವ ದೂರನ್ನೂ ಕೊಟ್ಟಿಲ್ಲ, ಕೊಡುವುದೂ ಇಲ್ಲ. ನಿಮ್ಮ ತಂದೆಯವರ ಕೆಲಸಕ್ಕೆ ತೊಂದರೆ ಇಲ್ಲ. ಆದರೆ ಉದ್ಯಾನವೆಂದರೆ ಸೊಪ್ಪಿನ ಬೆಟ್ಟವಲ್ಲ. ನಿರ್ಧಾರ ಬದಲಾಗುವುದಿಲ್ಲ.

ಇಲ್ಲಿಯವರೆಗೆ ಬರೆದದ್ದು ಕಾರ್ಯದರ್ಶಿಯಾಗಿ.

ನಾಲ್ಕನೆಯ ಗಿಡದ ಫಲಕವನ್ನು ನಿಮ್ಮ ತಾಯಿಯವರು ಓದಿದ್ದರೋ ಇಲ್ಲವೋ ತಿಳಿಯದು. ಅದರ ಮೇಲಿದ್ದುದು ನನ್ನ ಹೆಂಡತಿ ಗೋದಾವರಿಯ ಹೆಸರು. ತೀರಿಕೊಂಡು ಒಂದೂವರೆ ವರ್ಷವಾಯಿತು. ಬೇರೆ ಗಿಡಗಳು ಚಿಗುರುತ್ತಿವೆಯಂತೆ. ಅದು ಸತ್ತಿತು ಎಂದು ನಿಮ್ಮ ತಂದೆಯವರೇ ಬಂದು ಹೇಳಿಹೋದರು. ಅಂದಿನಿಂದ ನಾನು ಆ ಕಡೆ ಹೋಗಿಲ್ಲ. ನನಗೂ ರಕ್ತದೊತ್ತಡವಿದೆ, ನಡೆಯಬೇಕೆಂದು ನನಗೂ ಡಾಕ್ಟರು ಹೇಳಿದ್ದಾರೆ.

ಸುಬ್ಬರಾಯ


ತೀರ್ಥಹಳ್ಳಿ
5 ಆಗಸ್ಟ್ 2024

ಅಪ್ಪ,

ಸುಬ್ಬರಾಯರ ಪತ್ರವನ್ನು ಇದರ ಜೊತೆ ಇಟ್ಟಿದ್ದೇನೆ. ಅಮ್ಮನಿಗೆ ಓದಿ ಹೇಳು. ಯಾವ ಸಾಲನ್ನೂ ಬಿಡಬೇಡ.

ಪ್ರತಿಮಾ


ಸಾಗರ
20 ಆಗಸ್ಟ್ 2024

ಪ್ರತಿಮಾ,

ಬಸ್ಸು ಸರಿಯಾದ ಹೊತ್ತಿಗೆ ಬಂತು. ಸಕ್ಕರೆ 241. ಹೋದ ತಿಂಗಳೇ ಏರಿತ್ತು, ನಿನಗೆ ಬರೆಯಲಿಲ್ಲ, ತಪ್ಪಾಯಿತು. ಅಕ್ಟೋಬರಿನಲ್ಲಿ ಮತ್ತೆ ನೋಡುತ್ತೇನೆ, ಆಗಲೂ ಹೀಗೇ ಇದ್ದರೆ ಇಂಜೆಕ್ಷನ್ ಎಂದಿದ್ದಾರೆ ಡಾಕ್ಟರಮ್ಮ.

ಕಾಗದ ಓದಿ ಹೇಳಿದೆ. ಅಮ್ಮ ಒಲೆಯ ಮುಂದಿನಿಂದ ಏಳಲಿಲ್ಲ. "ನಾಕನೇದಾ?" ಎಂದು ಒಂದೇ ಸಲ ಕೇಳಿದಳು. ಬೆಳಿಗ್ಗೆ ನೋಡಿದರೆ ಬೂಟು ಹಾಕಿಕೊಂಡು ಹೊರಟಿದ್ದಾಳೆ. ಕೈಯಲ್ಲಿ ಏನೂ ಇಲ್ಲ. ಸೀರೆಯ ಸೆರಗು ಹೊದ್ದಿದ್ದಾಳೆ. ಕೊಡೆಯನ್ನೂ ಹಿಡಿದಿಲ್ಲ, ಜಿಟಿಜಿಟಿ ಮಳೆ. ಎಲ್ಲಿಗೆ ಎಂದು ಕೇಳಬೇಕೆನಿಸಲಿಲ್ಲ. ಹಿಂದೆಯೇ ಹೋದೆ.

ಸುಬ್ಬರಾಯರು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ನಮ್ಮನ್ನು ಕಂಡು ಎದ್ದು ನಿಂತರು.

"ನಿಮ್ಮ ಮನೆಯವ್ರು ಹೋಗಿದ್ದು ನಂಗೆ ಗೊತ್ತಿರ್ಲಿಲ್ಲ. ಈಗ ಬಂದೆ" ಅಂದಳು ಅಮ್ಮ.

ಅವರು ಪೇಪರ್ ಮಡಿಸಿಟ್ಟರು. ಕೂತುಕೊಳ್ಳಿ ಅಂದರು. ಕೂತೆವು. ಸಾವಿನ ಮನೆಯಲ್ಲಿ ಕೂರುವ ಹಾಗೆ, ಬಹಳ ಹೊತ್ತು. ಆಮೇಲೆ ಅವರೇ ಕೇಳಿದರು.

"ಫಲಕ ಓದ್ಲಿಲ್ವಾ ನೀವು?"

"ಓದಕ್ಕೆ ಬರ್ತದೆ. ಗಿಡಕ್ಕೆ ಜನರ ಹೆಸರು ಇಡ್ತಾರೆ ಅಂತ ಗೊತ್ತಿರ್ಲಿಲ್ಲ. ನಾನು ಗಿಡ ನೋಡ್ದೆ. ಉಳಿದಾವು ತಡೀತವೆ ಅಂತ ಕಂಡಿತು, ಅದೊಂದು ಬಡಕಲಿತ್ತು. ಅದನ್ನ ಬಿಡಬೇಕಿತ್ತು. ನಂದೇ ತಪ್ಪು."

ಸುಬ್ಬರಾಯರು ಕನ್ನಡಕ ತೆಗೆದು ಒರೆಸಿದರು.

"ಅವ್ರಿಗೆ ಎಂತಾ ಮರ ಇಷ್ಟ ಇತ್ತು?" ಅಂದಳು ಅಮ್ಮ.

"ರಂಜೆ. ತವರು ಮನೆ ಅಂಗಳದಲ್ಲಿತ್ತಂತೆ. ಹೂ ಒಣಗಿದ್ರೂ ಪರಿಮಳ ಹೋಗಲ್ಲ ಅಂತ ಪೆಟ್ಟಿಗೆಯಲ್ಲಿ ಇಡ್ತಿದ್ಲು."

"ಮತ್ತೆ ಅದನ್ಯಾಕೆ ನೆಡ್ಲಿಲ್ಲ?"

"ನರ್ಸರಿಯವ್ರು ಎಲ್ಲರಿಗೂ ಒಂದೇ ಜಾತಿ ಗಿಡ ಕೊಟ್ರು."

"ಕೊಟ್ಟಿದ್ದು ನೆಟ್ರಿ! ಹೆಂಡ್ತಿ ಹೆಸರಲ್ಲಿ!"

ನಾನು ಅಮ್ಮನ ಮೊಣಕೈ ಮುಟ್ಟಿದೆ, ಸುಮ್ಮನಿರು ಎಂದು. ಸುಬ್ಬರಾಯರು ಸಿಟ್ಟಾಗಲಿಲ್ಲ. ನಕ್ಕರು ಅಂದುಕೊಂಡೆ. ನಗುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಹೋಗಿ ಕೊಡೆ ತಂದರು. "ನಡೀರಿ, ಆ ಗಿಡಗಳನ್ನ ನೋಡೋಣ" ಅಂದರು. ಒಂದೂವರೆ ತಿಂಗಳ ಮೇಲೆ ನಾನು ಅಮ್ಮನಿಗೆ ಗೇಟು ತೆಗೆದೆ.

ಎರಡು ಗಿಡ ಸತ್ತಿವೆ. ಒಂಬತ್ತು ಎಷ್ಟು ದಟ್ಟ ಚಿಗುರಿವೆ ಎಂದರೆ ಫಲಕ ಕಾಣುತ್ತಿಲ್ಲ. ಸುಬ್ಬರಾಯರು ಒಂದೊಂದನ್ನೂ ಬಗ್ಗಿ ನೋಡಿದರು. ಅಮ್ಮ ಕಡಿದ ಗುರುತು ತೋರಿಸಿ, ಎಲ್ಲಿ ಕತ್ತಿ ಹಾಕಬೇಕು, ಎಲ್ಲಿ ಹಾಕಬಾರದು ಎಂದು ಪಾಠ ಮಾಡಿದಳು. ಹೀಗೆ ನೋಡುತ್ತಾ ಮೂರು ಸುತ್ತು ಮುಗಿದಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ನಾನು ಎಣಿಸಿದೆ.

ಗುತ್ಯಪ್ಪ


ಸಾಗರ
24 ಅಕ್ಟೋಬರ್ 2024

ಪ್ರತಿಮಾ,

ಬೆಳ್ಳಪ್ಪನಿಗೆ ರಜೆ, ಇದನ್ನು ಹೊಸ ಹುಡುಗನ ಬಸ್ಸಿಗೆ ಕೊಡುತ್ತಿದ್ದೇನೆ. ಕಾಗದ ಸಿಕ್ಕಿದ್ದಕ್ಕೆ ಒಂದು ಫೋನು ಮಾಡು.

ಸಮಿತಿಯಲ್ಲಿ ಜಗಳವೇ ಆಯಿತು. ಪಾರ್ಕು ಹಾಳಾಗುತ್ತದೆ ಎಂದು ಇಬ್ಬರು ಎದ್ದು ಹೋದರು. ಸುಬ್ಬರಾಯರು ಜಗ್ಗಲಿಲ್ಲ. ಈಗ ಪಂಪ್‌ಹೌಸಿನ ಪಕ್ಕ ಒಂದು ಕಪಾಟು ಇದೆ. ಅದರಲ್ಲಿ ಆರು ಬುಟ್ಟಿ, ಪೊರಕೆ, ಎರಡು ಕತ್ತಿ. ಕತ್ತಿಗೆ ಮಾತ್ರ ಬೀಗ. ಯಾವ ಗಿಡ ಸವರಬೇಕೆಂದು ಅಮ್ಮ ಹೇಳಬೇಕು, ಸುಬ್ಬರಾಯರು ಒಪ್ಪಬೇಕು. ಒಂದು ಗೆಲ್ಲು ಕಡಿಯಲು ಅರ್ಧ ಗಂಟೆ ವಾದ ಮಾಡುತ್ತಾರೆ. ಹೆಂಗಸರು ಈಗ ಹದಿನಾಲ್ಕು ಜನ. ಡಾಕ್ಟರಮ್ಮ ಮಂಜುಶ್ರೀ ಆಸ್ಪತ್ರೆಗೆ ಬಂದವರಿಗೆ "ಗುತ್ಯಪ್ಪನ ಗೇಟಿಗೆ ಹೋಗಿ" ಅನ್ನುತ್ತಾರಂತೆ. ಮೂಕಮ್ಮನಿಗೆ ಮೆಟ್ಟಿಲು ಹತ್ತುವಾಗ ಈಗ ಕೈ ಹಿಡಿಯಬೇಕಾಗಿಲ್ಲ.

ನಿನ್ನೆ ಅಮ್ಮನನ್ನು ತೋರಿಸಿದೆ. ಸಕ್ಕರೆ 136. ಅಂಗಾಲಿಗೆ ಮುಟ್ಟಿಸಿದ್ದು ಹತ್ತು ಸಲ, ಹೂಂ ಅಂದಿದ್ದು ಆರು ಸಲ. ನನಗೆ ಬೇಜಾರಾಯಿತು. ಡಾಕ್ಟರಮ್ಮ, "ಹೋಗಿದ್ದು ಪೂರ್ತಿ ಬರ್ದೇ ಇರಬಹುದು. ಇದ್ದಿದ್ದು ಹೋಗಿಲ್ವಲ್ಲ, ಅದೇ ದೊಡ್ಡದು. ಇಂಜೆಕ್ಷನ್ ಬೇಡ" ಅಂದರು. ಅಮ್ಮ ಆಟೋ ಬೇಡ ಎಂದು ಆಸ್ಪತ್ರೆಯಿಂದ ಮನೆಗೆ ನಡೆದೇ ಬಂದಳು. ನಾನು ಹಿಂದೆ ಬಿದ್ದೆ.

ಇವತ್ತು ಬೆಳಿಗ್ಗೆ ರಂಜೆ ಗಿಡ ನೆಟ್ಟೆವು. ಬಕುಳ ಎಂದು ನೀನು ಪುಸ್ತಕದಲ್ಲಿ ಓದಿರುತ್ತೀಯ, ಅದೇ. ಹೊಸನಗರದ ನರ್ಸರಿಯಲ್ಲಿ ಅಮ್ಮನೇ ಆರಿಸಿದ್ದು. ಎರಡು ತಂದೆವು, ಸತ್ತ ಎರಡಕ್ಕೂ. ಗುಂಡಿಗೆ ಸುರಿದದ್ದು ಹೆಂಗಸರು ಬೇಸಿಗೆಯಲ್ಲಿ ಗುಡಿಸಿದ ದರಗಿನ ಗೊಬ್ಬರ. ನೆಟ್ಟು ಮುಗಿದ ಮೇಲೆ ಸುಬ್ಬರಾಯರು ಕಲ್ಲುಬೆಂಚಿನ ಮೇಲೆ ಕೂತರು.

"ಹೂ ಬಿಡಕ್ಕೆ ಎಷ್ಟು ವರ್ಷ ಬೇಕು ಮಾಸ್ತಮ್ಮ?"

"ಹತ್ತಾದ್ರೂ ಬೇಕು."

"ಹತ್ತು! ಆಗ ನಂಗೆ ಎಂಬತ್ತೆರಡು."

"ನಂಗೆ ಅರವತ್ತೇಳು. ಏಳಿ, ಇವತ್ತಿಂದು ಇನ್ನೂ ಎರಡು ಸುತ್ತು ಬಾಕಿ."

ಅವರು ಎದ್ದರು.

ಇಷ್ಟೇ. ಕೆಳಗೆ ಸ್ವಲ್ಪ ಜಾಗ ಬಿಡು ಎಂದು ಅಮ್ಮ ಹೇಳಿದ್ದಾಳೆ. ಬಿಟ್ಟಿದ್ದೇನೆ.

ಗುತ್ಯಪ್ಪ

ಪ್ರತಿಮಾ, ಅಪ್ಪ ಬರೆದಿದ್ದು ಓದಿಸಿಕೊಂಡೆ. ಎಲ್ಲ ಸರಿ ಇದೆ. ನೀನು ಸುಬ್ಬರಾಯರಿಗೆ ಬರೆದ ಕಾಗದ ಅವರು ನನಗೆ ಕೊಟ್ಟಿದ್ದಾರೆ, ನಾನೇ ಓದಿದೆ, ಎರಡು ದಿನ ಹಿಡಿಯಿತು. ನೀನು ದಿನಪೂರ್ತಿ ಕೂತು ಕೆಲಸ ಮಾಡ್ತೀಯ ಅಂತ ಅಪ್ಪ ಹೇಳಿದರು. ದಿನಾ ಎಷ್ಟು ನಡೀತೀಯ? ಸುಳ್ಳು ಬರೀಬೇಡ. ಭಾನುವಾರ ಫೋನು ನಾನೇ ಎತ್ತುತ್ತೇನೆ.

ಅಮ್ಮ